ಸೋಲಾಪುರದಿಂದ ದುಧನಿಗೆ, ಒಂದೇ ಉಸಿರಿನಲ್ಲಿ

ಹೋದ ತಿಂಗಳು ನಮ್ಮ ಗಾಡಿ ರಿಪೇರಿಯ ಮಿಸ್ತ್ರಿ ಕಾಕಾ ತೀರಿಕೊಂಡರು. ಮಾತಾಡಿಸಿ ಬರಲೆಂದು ಹೋದರೆ, ಅಂಗಳದ ಸತರಂಜಿಯ ಮೇಲೆ ಕೂತ ಮಂದಿಯೆಲ್ಲ ಅವರ ಸಿಟ್ಟಿನ ಕತೆಗಳನ್ನೇ ಹೇಳುತ್ತಿದ್ದರು. ಒಬ್ಬರ ಮೇಲೆ ನಟ್ಟು ಬಿಗಿಯುವ ಪಾನಾ ಎಸೆದಿದ್ದರಂತೆ. ಇನ್ನೊಬ್ಬರ ಗಾಡಿಯ ಕೀಲಿ ಕಿತ್ತಿಟ್ಟುಕೊಂಡು, "ಎಣ್ಣಿ ಹಾಕಾಕ ಬರದವಗ ಗಾಡಿ ಯಾಕ ಬೇಕು? ಎಮ್ಮಿ ಮ್ಯಾಲ ಕೂತು ಅಡ್ಡಾಡು" ಎಂದು ಮೂರು ದಿನ ಕೊಟ್ಟಿರಲಿಲ್ಲವಂತೆ. ಎಲ್ಲ ಖರೆಯೇ. ನಾನೂ ಬೈಸಿಕೊಂಡವಳೇ. ಕಾಲೇಜಿನ ಆಫೀಸಿನಲ್ಲಿ ಹೆಡ್ ಕ್ಲಾರ್ಕ್ ಆಗಿ ಇಪ್ಪತ್ತು ವರ್ಷದಿಂದ ಎಲ್ಲರಿಗೂ ಬೈಯುವ ನಾನು, ಅವರ ಶೆಡ್ಡಿನಲ್ಲಿ ಮಾತ್ರ ಬಾಯಿ ಮುಚ್ಚಿಕೊಂಡು ನಿಂತಿದ್ದೇನೆ. ಆದರೆ ಆ ಅಂಗಳದಲ್ಲಿ ಕೂತಾಗ ನನಗೆ ನೆನಪಾದದ್ದು ಅವರ ಸಿಟ್ಟಲ್ಲ. ಅವರ ಬಾಯಿಂದ ಒಂದು ಊರಿನ ಹೆಸರು ಹೊತ್ತಿಗೆ ಸರಿಯಾಗಿ ಬರಲಿ ಎಂದು ನಾನು ನಾಲ್ಕು ತಿಂಗಳು ಕಾದಿದ್ದೆ. ಅದು ನೆನಪಾಯಿತು.

ಅವರ ತಗಡಿನ ಶೆಡ್ಡು ಹಳೆಯ ಬಟ್ಟೆ ಗಿರಣಿಯ ಚಿಮಣಿಯ ಹಿಂದಿನ ಓಣಿಯಲ್ಲಿ, ಅವರ ಮನೆಗೆ ಅಂಟಿಕೊಂಡೇ ಇತ್ತು. ಹೊರಗಿನ ಬೋರ್ಡು ಮರಾಠಿಯಲ್ಲಿ, ಒಳಗಿನ ಗೋಡೆ ಕನ್ನಡದಲ್ಲಿ. ಕಾಕಾ ತಮ್ಮೂರು ದುಧನಿಯ ಕನ್ನಡ ಸಾಲಿಯಲ್ಲಿ ನಾಲ್ಕೇ ವರ್ಷ ಓದಿದವರು. ಆ ನಾಲ್ಕು ವರ್ಷದ ಕನ್ನಡದಲ್ಲೇ ತಮ್ಮ ಕಸಬನ್ನೆಲ್ಲ ಗೋಡೆಯ ಮೇಲೆ ಸೀಮೆಸುಣ್ಣದ ಖಡುವಿನಿಂದ ಬರೆದಿಟ್ಟಿದ್ದರು. ಯಾವ ಗಾಡಿಗೆ ಯಾವ ಬೇರಿಂಗು, ಯಾವ ನಟ್ಟು ಉಲ್ಟಾ ತಿರುಗುತ್ತದೆ, ಎಲ್ಲಿ ಗ್ರೀಸು, ಎಲ್ಲಿ ಎಣ್ಣೆ. ಓಣಿಯ ಬೇರೆ ಮಿಸ್ತ್ರಿಗಳು ಮನೆಯಲ್ಲಿ ಕನ್ನಡ ಮಾತಾಡುವವರೇ, ಆದರೆ ಕಲಿತದ್ದು ಮರಾಠಿ ಸಾಲಿಯಲ್ಲಿ. "ಇದ ನನ್ನ ತಿಜೋರಿ ನೋಡು, ತಂಗಿ" ಎಂದು ಕಾಕಾ ನಗುತ್ತಿದ್ದರು. "ಬಾಗಲಾ ತೆರದ ಇಟ್ಟೀನಿ. ಕಳ್ಳಗ ಓದಾಕ ಬರಂಗಿಲ್ಲ!" ನಾನು ಸಣ್ಣವಳಿದ್ದಾಗ ಅಪ್ಪನ ಜೊತೆ ಹೋಗಿ ಆ ಗೋಡೆಯನ್ನು ಗಟ್ಟಿಯಾಗಿ ಓದಿಬಿಟ್ಟಿದ್ದೆ. ಅವತ್ತು ಅವರು ನನ್ನನ್ನು ಹೊರಗೆ ಕಳಿಸಿದ್ದರು, ಆಮೇಲೆ ಕರೆದು ಚಹಾ ಕುಡಿಸಿದ್ದರು.

ಅವರಿಗೊಂದು ರೂಢಿಯಿತ್ತು. ಗಾಡಿ ಬಿಚ್ಚುವ ಮೊದಲು ತಲೆಯ ಬಿಳಿ ಟೊಪ್ಪಿಗೆ ತೆಗೆದು ಗೋಡೆಯ ಗೂಟಕ್ಕೆ ಹಾಕುವರು. ಆ ಗಾಡಿ ಮತ್ತೆ ಪೂರ್ತಿ ಜೋಡಣೆಯಾಗುವತನಕ ತಲೆಗೆ ಟೊಪ್ಪಿಗೆಯಿಲ್ಲ. ನಡುವೆ ಯಾರದಾದರೂ ಮದುವೆ ಬಂದರೂ ಬೋಳುತಲೆಯಲ್ಲೇ ಹೋಗಿ ಅಕ್ಷತೆ ಹಾಕಿ ಬರುವರು. ಅದನ್ನು ಅವರ ಹೆಂಡತಿ, ನಮ್ಮ ಕಾಕು, ಜೀವನವಿಡೀ ಸಹಿಸಿಕೊಂಡರು. "ಮಂದಿ ಏನ ಅಂತಾರ?" ಎಂದರೆ, "ಗಾಡಿ ಬಿಚ್ಚಿ ಬಿದ್ದೈತಿ ಅಂತಾರ, ಮತ್ತೇನ ಅಂತಾರ" ಎನ್ನುವರು. ಅವರನ್ನು ನೋಡಿ ಓಣಿಯ ಉಳಿದ ಮಿಸ್ತ್ರಿಗಳೂ ಒಂದು ಮಾತು ನಡೆಸಿಕೊಂಡು ಬಂದಿದ್ದರು: ಬಿಚ್ಚಿದವನೇ ಜೋಡಿಸಬೇಕು.

ನಮ್ಮ ಗಾಡಿಯ ಮಾತಿಗೆ ಬರುತ್ತೇನೆ. ಅಪ್ಪನದು ಚಾದರದ ಅಂಗಡಿ. ಗಿರಣಿಯ ಇಂಜಿನಿಯರೊಬ್ಬರು ಊರು ಬಿಡುವಾಗ ಅವರಿಂದ ಒಂದು ಜರ್ಮನ್ ಮೋಟರ್ ಸೈಕಲ್ ತೆಗೆದುಕೊಂಡಿದ್ದ. ಅವ್ವನನ್ನು ಹಿಂದೆ ಕೂರಿಸಿಕೊಂಡು ಅಕ್ಕಲಕೋಟದ ಮಠಕ್ಕೆ ಹೋಗಿಬರುವುದು ಅವನ ಏಕೈಕ ಶೋಕಿ. ಅಪ್ಪ ಹೋದ ಮೇಲೆ ಗಾಡಿ ನಮ್ಮದೇ ಅಂಗಡಿಯ ಚಾದರ ಹೊದ್ದುಕೊಂಡು ಕೋಣೆಯಲ್ಲಿ ನಿಂತಿತು. ಐವತ್ತು ತುಂಬಿದ ದಿನ ನಾನು ಆ ಚಾದರ ತೆಗೆದೆ. ಕಾಲೇಜಿನ ದಿನಗಳಲ್ಲಿ ಕಲಿತ ವಿದ್ಯೆ ಮರೆತಿರಲಿಲ್ಲ. ಆದರೆ ಅಕ್ಕಲಕೋಟದ ರಸ್ತೆಯಲ್ಲಿ ಕುಂಭಾರಿ ದಾಟುತ್ತಲೂ ಗಾಡಿಯ ಹಿಂಭಾಗ ನಡು ಕುಣಿಸತೊಡಗಿತು. ವಳಸಂಗದ ತನಕ ಜೀವ ಕೈಯಲ್ಲಿ ಹಿಡಿದುಕೊಂಡು ಹೋಗಿ, ಅಲ್ಲಿಂದ ತಿರುಗಿ ನೆಟ್ಟಗೆ ಕಾಕಾನ ಶೆಡ್ಡಿಗೆ ಬಂದೆ.

ಕಾಕಾ ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹಿಂದಿನ ಗಾಲಿಯನ್ನು ಎರಡೂ ಕೈಯಿಂದ ಹಿಡಿದು ಆಚೀಚೆ ಅಲುಗಿಸಿದರು. ಟಕ್ ಟಕ್ ಎಂದಿತು. "ಚಿಮಟಾ" ಎಂದರು.

ಹಿಂದಿನ ಗಾಲಿಯನ್ನು ಎರಡೂ ಕಡೆಯಿಂದ ಹಿಡಿದುಕೊಂಡಿರುವ ಉಕ್ಕಿನ ಕವಲಿಗೆ ಮಿಸ್ತ್ರಿಗಳು ಚಿಮಟಾ ಎನ್ನುತ್ತಾರೆ. ಅದು ಗಾಡಿಯ ನಡುವಿನಲ್ಲಿ ಎಡಕ್ಕೊಂದು ಬಲಕ್ಕೊಂದು ಬೇರಿಂಗಿನ ಮೇಲೆ ಕೂತು, ರಸ್ತೆ ಏರಿಳಿದಂತೆ ತಾನೂ ಏರಿಳಿಯುತ್ತದೆ. ಬೇರಿಂಗು ಸವೆದು ಸಡಿಲಾದರೆ ಗಾಡಿ ಕುಣಿಯುತ್ತದೆ. ತೀರ ಬಿಗಿಯಾದರೆ ಚಿಮಟಾ ಸೆಟೆದು, ರಸ್ತೆಯ ತಗ್ಗೆಲ್ಲ ಸವಾರನ ಬೆನ್ನಿಗೇ ಬಡಿಯುತ್ತದೆ, ಹೊಸ ಬೇರಿಂಗೂ ಕೆಡುತ್ತದೆ. ಎರಡರ ನಡುವೆ ಎಲ್ಲೋ ಒಂದು ಹದವಿದೆ. ಆ ಹದ ಹುಡುಕಲು ಬೇರೆಯವರ ಬಳಿ ಅಳತೆಯ ಯಂತ್ರವಿದ್ದರೆ, ಕಾಕಾನ ಬಳಿ ರೈಲಿತ್ತು.

ಹರೆಯದಲ್ಲಿ ಅವರು ದುಧನಿಯಿಂದ ಸೋಲಾಪುರಕ್ಕೆ ದಿನಾ ಪ್ಯಾಸೆಂಜರ್ ಗಾಡಿಯಲ್ಲಿ ಬಂದು ಹೋಗುತ್ತಿದ್ದರು. ಸಂಜೆ ಮನೆಗೆ ಹೋಗುವ ದಾರಿಯ ಸ್ಟೇಶನ್ನುಗಳು ಬಾಯಿಗೆ ಕೂತುಬಿಟ್ಟಿದ್ದವು. ಗಾಲಿಯನ್ನೂ ಸ್ಪ್ರಿಂಗುಗಳನ್ನೂ ತೆಗೆದ ಮೇಲೆ ಬರಿಯ ಚಿಮಟಾವನ್ನು ಕೈಯಿಂದ ಮೇಲೆತ್ತಿ ಹಿಡಿಯುವರು. ಕೆಳಗೊಂದು ಕಟ್ಟಿಗೆಯ ತುಂಡು. ಕೈ ಬಿಟ್ಟೊಡನೆ ಶುರು: "ಸೋಲಾಪುರ ಟಿಕೇಕರವಾಡಿ ಹೋಟಗಿ ತಿಲಾಟಿ ಅಕ್ಕಲಕೋಟ ರೋಡ್ ನಾಗಣಸೂರ ಬೋರೋಟಿ ದುಧನಿ!" ಒಂದೇ ಉಸಿರು. ಚಿಮಟಾ ತನ್ನ ಭಾರಕ್ಕೆ ತಾನೇ ಮೆಲ್ಲಗೆ ಇಳಿದು, ದುಧನಿ ಎನ್ನುವಾಗ ಟಕ್ಕನೆ ಕಟ್ಟಿಗೆಗೆ ಮುಟ್ಟಬೇಕು. ಹೋಟಗಿಯಲ್ಲೇ ಮುಟ್ಟಿದರೆ ಸಡಿಲು. ದಾರಿಯಲ್ಲಿ ನಿಂತುಬಿಟ್ಟರೆ ಬಿಗಿ. ನಾನು ಇದನ್ನು ಮೊದಲ ಸಲ ನೋಡಿದಾಗ ಕಾಕಾಗೆ ತಲೆ ಕೆಟ್ಟಿದೆ ಎಂದುಕೊಂಡಿದ್ದೆ. ಅಪ್ಪ ಮಾತ್ರ ದೇವರಿಗೆ ಕೈಮುಗಿದಂತೆ ನಿಂತಿದ್ದ.

ಹೀಗೆ ನಮ್ಮ ಗಾಡಿಯ ಚಿಮಟಾ ಬಿಚ್ಚಿ, ಹಳೆಯ ಬೇರಿಂಗು ಹೊರಗೆ ಬಂತು. ಒಳಗಿನ ಬಳೆಯ ಮೇಲೆ ಸಾಲಾಗಿ ತಗ್ಗುಗಳು. "ನೋಡು, ಅಲ್ಲೇ ಅಲ್ಲೇ ಕುಣಿದು ಹ್ಯಾಂಗ ಗುಳಿ ಹಾಕ್ಯಾವ" ಎಂದರು. ಹೊಸ ಜೋಡಿ ಬೇರಿಂಗನ್ನು ನನ್ನ ಕೈಗೆ ಕೊಟ್ಟು, ಮನೆಯ ಫ್ರಿಜ್ಜಿನ ಬರ್ಫದ ಖಾನೆಯಲ್ಲಿ ಇಡಲು ಹೇಳಿದರು. ಥಂಡಿಗೆ ಕುಗ್ಗಿದ ಬಳೆ, ಬಿಸಿ ಮಾಡಿದ ಚಿಮಟಾದೊಳಗೆ ಬಡಿಯದೇ ಕೂರುತ್ತದೆ. ಅವ್ವ ಮಾತ್ರ ಉರಿದುಬಿದ್ದಳು. "ಮಡಿ ಇಲ್ಲ, ಮೈಲಗಿ ಇಲ್ಲ! ನನ್ನ ಮೊಸರಿನ ಮ್ಯಾಲ ಗಾಡಿ ಸಾಮಾನ ಇಡ್ತೀಯಾ?"

ಎರಡು ದಿನ ಬಿಟ್ಟು ಬೇರಿಂಗು ತೆಗೆದುಕೊಂಡು ಹೋಗಬೇಕಿತ್ತು. ಅಷ್ಟರಲ್ಲಿ ಕಾಕಾಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು.

ದವಾಖಾನೆಯಿಂದ ಮನೆಗೆ ಬಂದಾಗ ಕಾಲು ಎಳೆದುಕೊಂಡು ನಡೆಯುವಷ್ಟಾಗಿದ್ದರು. ಮಾತು ಒಂದೊಂದೇ ತುಂಡು ಬರುತ್ತಿತ್ತು. ಗಾಡಿ ಶೆಡ್ಡಿನಲ್ಲಿ ಹಿಂಗಾಲು ಕಳಚಿಕೊಂಡು ನಿಂತಿತ್ತು. ನಾನು ಪಕ್ಕದ ಶೆಡ್ಡಿನ ಮಿಸ್ತ್ರಿಯನ್ನು ಕೇಳಿದೆ. ಅವನು ಕಾಕಾನ ಗೂಟದ ಕಡೆ ನೋಡಿ, "ಮಿಸ್ತ್ರೀದು ಟೊಪ್ಪಿಗಿ ಇನ್ನೂ ಗೂಟಕ್ಕ ಅದರಿ ಅಕ್ಕಾರ. ನಾ ಹ್ಯಾಂಗ ಕೈ ಹಚ್ಚಲಿ?" ಎಂದ. ಬೇಕಾದರೆ ಸಿಟ್ಟಾಗಿ ಎಂಬಂತೆ ನಿಂತುಕೊಂಡ. ನನಗೆ ಸಿಟ್ಟು ಬರಲಿಲ್ಲ. ಮನೆಗೆ ಬಂದು ಫ್ರಿಜ್ಜು ತೆಗೆದರೆ ಬೇರಿಂಗು ಅಲ್ಲೇ ಇತ್ತು, ಅವ್ವ ಅದಕ್ಕೊಂದು ಸ್ವಚ್ಛ ಬಟ್ಟೆ ಸುತ್ತಿದ್ದಳು. "ಇರಲಿ ಬಿಡು" ಎಂದಳು. "ಮಿಸ್ತ್ರಿಗ ಆರಾಮ ಆಗೂತನಾ ಇಲ್ಲೇ ಇರಲಿ."

ಒಂದು ದಿನ ಕಾಕು ಫೋನು ಮಾಡಿದರು. "ಇವರು ಶೆಡ್ಡಿನ ಕಡೆ ಬಟ್ಟ ಮಾಡಿ ತಂಗಿ, ತಂಗಿ ಅನ್ನಾಕತ್ಯಾರ. ನನಗೇನೂ ತಿಳೀವಲ್ದವಾ. ನೀ ಬಾ."

ಹೋದೆ. ಕಾಕಾ ಸ್ಟೂಲಿನ ಮೇಲೆ ಕೂತು ಎಡಗೈಯ ಕೋಲಿನಿಂದ ಗೋಡೆ ತೋರಿಸಿದರು. ಗಾಡಿಯ ಹೆಸರಿನ ಕೆಳಗೆ ಖಡುವಿನ ಅಕ್ಷರ: 'ಎಡ ಮೊದಲು. ಬಲ ಆಮೇಲೆ. ಗ್ರೀಸ್ ಪೂರಾ. ಲಗ್ನಪತ್ರಿಕೆ. ದುಧನಿ.' ನಾನು ಗಟ್ಟಿಯಾಗಿ ಓದಿದೆ. ಅವರು ನನ್ನ ಕೈಗಳ ಕಡೆ ಕೋಲು ತೋರಿಸಿದರು. "ನೀ... ಮಾಡು."

"ನನಗೇನ ಬರ್ತದರಿ ಕಾಕಾ? ನಾ ಫೈಲಿಗೆ ದಾರ ಕಟ್ಟೂಕಿ!"

"ಕೈ... ನಿಂದು. ಬಾಯಿ... ನಂದು" ಎಂದರು. ಆ ಬಾಯಿಗೆ ಅಷ್ಟು ಹೇಳುವುದೇ ಎಷ್ಟು ಕಷ್ಟವಾಗಿತ್ತೆಂದರೆ, ನಾನು ಸೆರಗು ಸಿಕ್ಕಿಸಿದೆ.

ಮೂರು ಭಾನುವಾರ ಹಿಡಿಯಿತು. ಚಿಮಟಾ ಬಿಸಿ ಮಾಡಿ, ಫ್ರಿಜ್ಜಿನಿಂದ ತಂದ ಬಳೆಗಳನ್ನು ಬಿಟ್ಟರೆ ಪುಟುಕ್ ಎಂದು ಕೂತವು. ರೋಲರುಗಳಿಗೆ ಅಂಗೈಯಿಂದ ಗ್ರೀಸು ತುಂಬಿದೆ. ಬೇರಿಂಗನ್ನು ಒತ್ತಿ ಹಿಡಿಯುವ ಎಡ ಬಲದ ಪಿನ್ನುಗಳನ್ನು ಸಮನಾಗಿ ತಿರುಗಿಸಿ ಚಿಮಟಾವನ್ನು ಸರಿಯಾಗಿ ನಡುವೆ ನಿಲ್ಲಿಸಬೇಕು. ಅದಕ್ಕೇ ಗೋಡೆಯ ಮೇಲಿನ ಲಗ್ನಪತ್ರಿಕೆ. ಒಂದು ದಪ್ಪ ಪತ್ರಿಕೆಯನ್ನು ಮಡಿಸಿ ಎಡಗಡೆಯ ಸಂದಿಗೆ ತೂರಿಸಿದರೆ, ಅದೇ ಬಲಗಡೆಯೂ ಅಷ್ಟೇ ಬಿಗಿಯಲ್ಲಿ ಹೋಗಬೇಕು. "ಬೀಗರು... ಇಬ್ಬರಿಗೂ... ಸಮ" ಎಂದು ಕಾಕಾ ಬಾಯಿ ಸೊಟ್ಟ ಮಾಡಿ ನಕ್ಕರು. ಮೊದಲ ಸಲ ನಾನು ಒಂದೇ ಕಡೆಯಿಂದ ಗಟ್ಟಿಯಾಗಿ ಜಗ್ಗಿ ಬಿಗಿದಾಗ ಮಾತ್ರ ಕೋಲು ನನ್ನ ಮೊಣಕೈಗೆ ಬಿತ್ತು. "ಚಾದರದ... ಗಂಟಲ್ಲ!"

ಕೊನೆಗೆ ರೈಲು. ನಾನು ಚಿಮಟಾ ಎತ್ತಿ ಹಿಡಿದೆ, ಕಾಕಾ ತಲೆಯಾಡಿಸಿದರು, ಬಿಟ್ಟೆ. "ಸೋಲಾಪುರ... ಟಿಕೇ... ಟಿಕೇಕರವಾಡಿ..." ಎನ್ನುವಷ್ಟರಲ್ಲಿ ಚಿಮಟಾ ಟಕ್ಕನೆ ಬಿತ್ತು. ಸಡಿಲು. ಎರಡೂ ಕಡೆ ಒಂದಿಷ್ಟು ಬಿಗಿ ಮಾಡಿದೆ. ತಿಲಾಟಿ. ಇನ್ನಿಷ್ಟು. ನಾಗಣಸೂರ. ಬೆವರಿಳಿಯುತ್ತಿತ್ತು. ಕಡೆಗೊಮ್ಮೆ ಅವರ ದುಧನಿಯೂ ಕಟ್ಟಿಗೆಯ ಟಕ್ಕೂ ಒಟ್ಟಿಗೇ ಬಂದವು. ಕಾಕಾ ಎಡಗೈಯ ಮುಷ್ಟಿಯಿಂದ ತೊಡೆ ಬಡಿದುಕೊಂಡರು. ಕಾಕು ಒಳಗಿಂದ ಸಕ್ಕರೆ ತಂದು ನಮ್ಮಿಬ್ಬರ ಬಾಯಿಗೂ ಹಾಕಿದರು. ಎರಡೂ ಕಡೆಯ ನಟ್ಟು ಬಿಗಿದ ಮೇಲೆ ಕಾಕಾ ತಾವೇ, ಎಡಗೈಯಿಂದ, ಒಂದೊಂದರ ಮೇಲೂ ಅಡ್ಡಲಾಗಿ ಉಗುರುಬಣ್ಣದ ಕೆಂಪು ಗೆರೆ ಎಳೆದರು. ಇದು ಅವರ ಸೀಲು. ಆಮೇಲೆ ಯಾರೇ ನಟ್ಟು ಮುಟ್ಟಿದರೂ ಗೆರೆ ಮುರಿಯುತ್ತದೆ. ಗಾಲಿ ನಾಳೆ ಹಾಕೋಣ ಎಂದುಕೊಂಡು ಎದ್ದೆವು.

ಮನೆಗೆ ಬಂದು, ರೊಟ್ಟಿ ಬಡಿಯುತ್ತಿದ್ದ ಅವ್ವನ ಮುಂದೆ ಎಲ್ಲವನ್ನೂ ಕುಣಿದು ಕುಣಿದು ಹೇಳಿದೆ. ಕೈ ಎತ್ತಿ ಹಿಡಿದು, ಕಾಕಾ ಅಂದಂತೆಯೇ ಸ್ಟೇಶನ್ನು ಹೇಳುತ್ತ ಮೆಲ್ಲಗೆ ಇಳಿಸಿ ತೋರಿಸಿದೆ.

ಅವ್ವ ರೊಟ್ಟಿಯಿಂದ ಕೈ ತೆಗೆದಳು. "ಅಯ್ಯ! ಮಿಸ್ತ್ರಿ ಇಷ್ಟ ಹಗೂರಕ ಯಾವಾಗ ಅಂತಿದ್ದರ? ಪಟಪಟ ಅಂತಿದ್ದರಲ್ಲ." ಎಂದವಳೇ, ಅಪ್ಪನ ಜೊತೆ ಶೆಡ್ಡಿಗೆ ಹೋದಾಗೆಲ್ಲ ಕೇಳಿದ್ದ ಹಳೆಯ ಕಾಕಾನ ಹಾಗೆ ಒಂದೇ ಉಸಿರಿನಲ್ಲಿ ದುಧನಿಯವರೆಗೆ ಹೇಳಿಬಿಟ್ಟಳು. ನನ್ನ ಕೈ ಇನ್ನೂ ಅರ್ಧ ದಾರಿಯಲ್ಲಿತ್ತು.

ನನಗೆ ಉಣ್ಣಲಾಗಲಿಲ್ಲ. ಇಪ್ಪತ್ತು ವರ್ಷ ಮಂದಿಯ ಅರ್ಜಿಯಲ್ಲಿ ತಪ್ಪು ಚೂಕು ಹಿಡಿದ ನನ್ನ ಕಣ್ಣಿಗೆ ಇಷ್ಟು ದೊಡ್ಡ ಚೂಕು ಕಂಡಿರಲಿಲ್ಲ. ಕಾಕಾನ ನಾಲಿಗೆ ನಿಧಾನವಾಗಿದೆ, ಆ ನಿಧಾನಕ್ಕೆ ಸರಿಯಾಗಿ ನಾನು ಚಿಮಟಾ ಬಿಗಿದಿದ್ದೇನೆ. ಬಿಗಿ ಅಂದರೆ ಬಿಗಿ, ಹೊಸ ಬೇರಿಂಗು ನಾಲ್ಕು ದಿನ ಬಾಳುವುದಿಲ್ಲ. ಹೇಳಲೇಬೇಕು. ಆದರೆ ಹೇಗೆ? ಸಕ್ಕರೆ ತಿಂದು ಮಗುವಿನ ಹಾಗೆ ನಕ್ಕ ಮನುಷ್ಯನಿಗೆ, ನಿಮ್ಮ ನಾಲಿಗೆ ಸುಳ್ಳು ಹೇಳಿತು ಎಂದು ಹೇಳುವುದು ಹೇಗೆ? ಅವರು ಬರುವ ಮೊದಲೇ ಹೋಗಿ ಸುಮ್ಮನೆ ಸಡಿಲು ಮಾಡಿಬಿಡಲೇ ಎಂದೂ ಯೋಚಿಸಿದೆ. ಕೆಂಪು ಗೆರೆ ನೆನಪಾಯಿತು. ಹಾಳಾದ ಉಗುರುಬಣ್ಣ!

ಮರುದಿನ ಆಫೀಸಿಗೆ ರಜೆ ಹಾಕಿ ಹೋದೆ. "ಕಾಕಾ, ಚಿಮಟಾ ಬಿಗಿ ಆಗ್ಯಾದರಿ" ಎಂದೆ.

ಕಾಕಾನ ಹುಬ್ಬು ಗಂಟಾಯಿತು. "ಯಾರ... ಅಂದರು?"

ಚಿಮಟಾ ಎತ್ತಿ, ಬಿಟ್ಟು, ಅವರ ಹಳೆಯ ವೇಗದಲ್ಲೇ ಸ್ಟೇಶನ್ನು ಹೇಳಿದೆ. ನಾನು ದುಧನಿ ಮುಟ್ಟಿದೆ. ಚಿಮಟಾ ಇನ್ನೂ ಇಳಿಯುತ್ತಲೇ ಇತ್ತು. ಇಬ್ಬರೂ ಅದನ್ನೇ ನೋಡುತ್ತ ಕೂತೆವು. ಎಷ್ಟೋ ಹೊತ್ತಾದ ಹಾಗೆನಿಸಿದ ಮೇಲೆ ಟಕ್ ಎಂದಿತು.

ಕಾಕಾ ಗೋಡೆಯ ಕಡೆ ಮುಖ ತಿರುಗಿಸಿದರು. ನೋಯಿಸಿಬಿಟ್ಟೆ ಎಂದುಕೊಂಡೆ. ಆಮೇಲೆ ನೋಡಿದರೆ ಅವರ ಹೊಟ್ಟೆ ಕುಣಿಯುತ್ತಿತ್ತು. ಕಣ್ಣಲ್ಲಿ ನೀರು, ಬಾಯಲ್ಲಿ ನಗೆ. "ಗಾಡಿ... ಬರೋಬರ್ ಅದ, ತಂಗಿ" ಎಂದರು. "ರೈಲ... ಲೇಟ್ ಅದ."

ಅಳುತ್ತ ನಕ್ಕೆವೋ ನಗುತ್ತ ಅತ್ತೆವೋ ಗೊತ್ತಿಲ್ಲ. ಕೊನೆಗೆ ಅವರೇ ಎಡಗೈಯಲ್ಲಿ ಪಾನಾ ಹಿಡಿದು ತಮ್ಮ ಕೆಂಪು ಗೆರೆಯನ್ನು ತಾವೇ ಮುರಿದರು. "ಇನ್ನ ಮ್ಯಾಲ... ರೈಲ ನೀ ಬಿಡು." ನಾನು ಹೇಳುತ್ತ ಹೋದೆ, ಸಡಿಲು ಮಾಡುತ್ತ ಹೋದೆ. ಪ್ರತಿ ಸಲವೂ ಅವರು ಎಡಗೈಯಿಂದ ಚಿಮಟಾ ಹಿಡಿದು, ಅಲುಗಿಸಿ, ಎತ್ತಿ ಇಳಿಸಿ ನೋಡಿದರು. ಬಲಗೈಗೆ ಗೊತ್ತಿದ್ದುದನ್ನು ಎಡಗೈ ಈಗ ಒಂದನೇ ಇಯತ್ತೆಯಿಂದ ಕಲಿಯುತ್ತಿತ್ತು. ನನ್ನ ದುಧನಿಯೂ ಟಕ್ಕೂ ಕೂಡಿದಾಗ ಅವರ ಕೈಯೂ ಒಪ್ಪಿತು. ಹೊಸ ಗೆರೆ ಬಿತ್ತು.

"ಗಾಲಿ ಹಾಕೂಣೇನರಿ?" ಎಂದೆ.

"ತಡಿ" ಎಂದರು. "ನಂದೂ... ಮುಟ್ಟಲಿ."

ನಾನು ಯಾವ ಫೈಲನ್ನೂ ಮೇಜಿನ ಮೇಲೆ ನಾಲ್ಕು ದಿನ ನಿಲ್ಲಗೊಡುವವಳಲ್ಲ. ಗಾಡಿ ಮಾತ್ರ ನಾಲ್ಕು ತಿಂಗಳು ನಿಂತಿತು. ಪ್ರತಿ ಭಾನುವಾರ ನಾನು ಚಿಮಟಾ ಎತ್ತಿ ಬಿಡುವುದು, ಕಾಕಾ ರೈಲು ಬಿಡುವುದು. ಈಗ ಚಿಮಟಾ ಸರಿಯಿತ್ತು, ಅಳೆಯಬೇಕಾದದ್ದು ನಾಲಿಗೆಯನ್ನು. ಮೊದಲ ವಾರ ಟಕ್ ಎಂದಾಗ ಅವರಿನ್ನೂ ಹೋಟಗಿಯಲ್ಲಿದ್ದರು. ಆಮೇಲೆ ತಿಲಾಟಿ. ಅಕ್ಕಲಕೋಟ ರೋಡಿನಲ್ಲಿ ಐದು ವಾರ ಸಿಕ್ಕಿಬಿದ್ದರು, ಆ ಒತ್ತು ಅವರ ಗಂಟಲಿನಿಂದ ಹೊರಡಲೇ ಒಲ್ಲದು. ಕಾಕು ಹೇಳುತ್ತಿದ್ದರು, ಬೆಳಿಗ್ಗೆ ಚಹಾದ ಬಟ್ಟಲು ಮುಂದಿಟ್ಟುಕೊಂಡು ಅದಕ್ಕೂ ಅಕ್ಕಲಕೋಟ ಅಕ್ಕಲಕೋಟ ಎನ್ನುತ್ತ ಕೂರುತ್ತಾರಂತೆ. ಮದುವೆ, ಮುಂಜಿವೆ, ಎಲ್ಲಕ್ಕೂ ಬೋಳುತಲೆ. ಒಂದು ಭಾನುವಾರ ಸೋತು ಸಿಟ್ಟಾಗಿ ಪಾನಾವನ್ನು ಎಡಗೈಯಿಂದ ಬೀಸಿ ಒಗೆದರು. ಅದು ನನ್ನ ಕಿವಿಯ ಪಕ್ಕದಿಂದ ಹೋಗಿ ತಗಡಿಗೆ ಬಡಿಯಿತು. ಕಾಕು ಗಾಬರಿಯಾಗಿ ಓಡಿಬಂದರು. ನನಗೋ ಖುಷಿಯಾಯಿತು, ನಮ್ಮ ಕಾಕಾ ಬಹಳ ಮಟ್ಟಿಗೆ ವಾಪಸು ಬಂದಿದ್ದರು.

ನಾಗಣಸೂರ ಬಂತು. ಬೋರೋಟಿ ಬಂತು. ಬೋರೋಟಿಯಲ್ಲಿ ಎರಡು ವಾರ.

ಆ ಭಾನುವಾರ ಕಾಕಾ ಬಾಯಿ ಮುಕ್ಕಳಿಸಿ ಬಂದು ಸ್ಟೂಲಿನ ಮೇಲೆ ನೆಟ್ಟಗೆ ಕೂತರು. ನಾನು ಎತ್ತಿದೆ, ಬಿಟ್ಟೆ. ಅವರು ಶುರು ಮಾಡಿದರು. ಅಕ್ಕಲಕೋಟ ದಾಟಿತು, ನಾಗಣಸೂರ ದಾಟಿತು, ಎಲ್ಲಿಯೂ ನಿಲ್ಲಲಿಲ್ಲ. "ಬೋರೋಟಿ ದುಧನಿ!" ಎಂದರು. ಆಮೇಲೆ ಟಕ್ ಎಂದಿತು.

ನಾನು ಕಿರುಚಬೇಕೆಂದು ಬಾಯಿ ತೆಗೆದೆ. ಕಾಕಾ ಕೈ ಎತ್ತಿ ತಡೆದರು. ಕಣ್ಣು ಸಣ್ಣ ಮಾಡಿ ನನ್ನನ್ನೇ ನೋಡಿದರು. "ಖರೇ ಹೇಳು. ನಾ ಇಲ್ಲದಾಗ ಬಂದು ಒಂದೀಟ ಬಿಗಿ ಮಾಡಿದೇನ?"

"ನಿಮ್ಮಾಣೆ ಇಲ್ಲರಿ ಕಾಕಾ!"

ನನ್ನ ಆಣೆಯನ್ನು ಅವರು ನಂಬಲಿಲ್ಲ. ಕೋಲು ಊರಿ ಎದ್ದು, ಗಾಡಿಯ ಪಕ್ಕ ಮೆಲ್ಲಗೆ ಕುಕ್ಕರಗಾಲಲ್ಲಿ ಕೂತು, ಎಡಗಡೆಯ ನಟ್ಟಿನ ಮೇಲೆ ಹೆಬ್ಬೆರಳಾಡಿಸಿದರು. ಕೆಂಪು ಗೆರೆ ಇಡಿಯಾಗಿತ್ತು. ಆಚೆ ಬದಿಗೆ ಹೋಗಿ ಬಲಗಡೆಯದನ್ನೂ ನೋಡಿದರು. ಅದೂ ಇಡಿಯಾಗಿತ್ತು. ಅಲ್ಲೇ ತಲೆ ತಗ್ಗಿಸಿಕೊಂಡು ಆ ಗೆರೆಯ ಮೇಲೆ ಇನ್ನೊಮ್ಮೆ ಹೆಬ್ಬೆರಳಾಡಿಸಿದರು. ಬೆನ್ನು ಮಾತ್ರ ಕಾಣುತ್ತಿತ್ತು.

"ನಿಂತು ಏನ ನೋಡ್ತೀ?" ಎಂದರು ಆಮೇಲೆ, ಒಂದೇ ಉಸಿರಿನಲ್ಲಿ. "ಗಾಲಿ ತಾ. ಹಂಗೇ ಆ ಟೊಪ್ಪಿಗಿ ಧೂಳಾ ಜಾಡಸು."